ಎಲ್ಲೆ ಕಾಯಿ

ವಿಮಾನದೊಳಗೆ ತೆಂಗಿನಕಾಯಿ ಒಡೆಯಲು ಬಿಡುವುದಿಲ್ಲ. ಆ ಒಂದೇ ಕಾರಣಕ್ಕೆ ನನ್ನ ಗಂಡ ತಾಯಲೂರಿನಿಂದ ಹೈದರಾಬಾದಿನವರೆಗೆ ಪಿಕಪ್ ಗಾಡಿ ಓಡಿಸಿಕೊಂಡು ಹೋದರು. ಪಕ್ಕದಲ್ಲಿ ಕೂತು ಹೋದವಳು ನಾನು, ಚಿಕ್ಕವೆಂಕಟಮ್ಮ. ಈಗಲೇ ನಗಬೇಡಿ. ಪೂರ್ತಿ ಕೇಳಿದ ಮೇಲೂ ನಗು ಬಂದರೆ ಆಗ ನಗಿ, ನಾನೇನೂ ಅಂದುಕೊಳ್ಳುವುದಿಲ್ಲ.

ನಮ್ಮ ಯಜಮಾನರ ಹೆಸರು ಚನ್ನರಾಯಪ್ಪ. ಮುಳಬಾಗಿಲು ತಾಲೂಕಿನಲ್ಲಿ ಅವರನ್ನು ಹೆಸರಿನಿಂದ ಗುರುತಿಸುವವರಿಗಿಂತ ಗಾಡಿಯಿಂದ ಗುರುತಿಸುವವರೇ ಹೆಚ್ಚು. ಒಂದಿಷ್ಟು ಹಿಪ್ಪುನೇರಳೆ, ಕೆರೆಯ ಕೆಳಗೆ ರಾಗಿ, ಬೋರಿನ ನೀರಿಗೆ ಟೊಮೆಟೊ ಬೆಳೆಯುತ್ತಾರೆ. ನಮ್ಮ ಟೊಮೆಟೊ ಜೊತೆಗೆ ಅಕ್ಕಪಕ್ಕದವರ ಮಾಲನ್ನೂ ತುಂಬಿಕೊಂಡು ಕೋಲಾರದ ಮಂಡಿಗೆ ಹೋಗುತ್ತಾರೆ. ಗಾಡಿಯನ್ನು ಜೋರಾಗಿ ಓಡಿಸಿದವರಲ್ಲ, ಯಾರ ಮೇಲೂ ಜೋರಾಗಿ ಮಾತಾಡಿದವರೂ ಅಲ್ಲ. ಆ ಕೆಲಸವೆಲ್ಲ ಮನೆಯಲ್ಲಿ ನನ್ನದು.

ಅವರಿಗೆ ಒಬ್ಬ ತಮ್ಮ, ಒಬ್ಬಳು ತಂಗಿ. ನಮ್ಮ ಮಾವನವರು ಬೇಗ ತೀರಿಕೊಂಡಿದ್ದರಿಂದ ಇಬ್ಬರನ್ನೂ ದಡ ಮುಟ್ಟಿಸಿದವರು ಇವರೇ. ತಮ್ಮ ಮುರಳಿಮೋಹನ್ ನಾನು ಸೊಸೆಯಾಗಿ ಬಂದಾಗ ಇನ್ನೂ ಚಡ್ಡಿ ಹಾಕುತ್ತಿದ್ದ, ಶನಿವಾರ ಶನಿವಾರ ಅವನ ತಲೆಗೆ ಎಣ್ಣೆ ತಿಕ್ಕಿದ ಕೈ ಇದು. ಈಗ ಕೋಲಾರದಲ್ಲಿ ಆಫೀಸರು, ಮೇಜಿನ ಮೇಲೆ ಗಂಟೆ ಇಟ್ಟುಕೊಂಡಿದ್ದಾನೆ. ತಂಗಿ ಗಂಗರತ್ನಳನ್ನು ಮಾಲೂರಿಗೆ ಕೊಟ್ಟೆವು. ಅವಳ ಮಗಳೇ ಚಂದನ. ಹುಟ್ಟಿದ್ದು ನಮ್ಮ ನಡುಮನೆಯಲ್ಲಿ, ನಡೆಯಲು ಕಲಿತದ್ದು ನಮ್ಮ ಅಂಗಳದಲ್ಲಿ. ನಮಗೆ ಮಕ್ಕಳಾಗಲಿಲ್ಲ. ಬೇಸಿಗೆ ರಜೆ ಬಂತೆಂದರೆ ಇವರು ಮಂಡಿಯಿಂದ ನೇರ ಮಾಲೂರಿಗೆ ಹೋಗಿ, ಖಾಲಿ ಕ್ರೇಟುಗಳ ಜೊತೆಗೆ ಚಂದನಳನ್ನೂ ತರುತ್ತಿದ್ದರು. ದಾರಿಯುದ್ದಕ್ಕೂ ಹಾರನ್ ಒತ್ತುವ ಕೆಲಸ ಅವಳದು.

ನಮ್ಮ ಕಡೆ ಸೋದರಮಾವ ಅಂದರೆ ಸುಮ್ಮನೆ ಅಲ್ಲ. ಹೆಣ್ಣಿನ ಮೇಲೆ ಮೊದಲ ಹಕ್ಕು ಅವನದು. ಹಿಂದೆ ಅವನೇ ಮದುವೆಯಾಗುತ್ತಿದ್ದ, ಈಗ ಅದು ಕಡಿಮೆ. ಆದರೂ ಹುಡುಗಿಯನ್ನು ಬೇರೆ ಮನೆಗೆ ಒಪ್ಪಿಸುವಾಗ, 'ನನ್ನ ಹಕ್ಕು ಬಿಟ್ಟೆ, ಸುಖವಾಗಿರಲಿ' ಎಂದು ಮೊದಲ ವೀಳ್ಯವನ್ನು ಹಿರಿಯ ಸೋದರಮಾವನೇ ಕೈಯಲ್ಲಿ ತೆಗೆದುಕೊಳ್ಳಬೇಕು. ಆಮೇಲೆ ಉಳಿದವರ ಮಾತು. ಚಂದನ ಹುಟ್ಟಿದ ದಿನದಿಂದ ನನ್ನ ಗಂಡ ತನ್ನದು ಅಂತ ಕಾದುಕೊಂಡಿದ್ದು ಏನಾದರೂ ಇದ್ದರೆ ಆ ಎರಡು ಎಲೆ, ಒಂದು ಅಡಿಕೆ.

ಇವರ ಮನೆತನದಲ್ಲಿ ಇನ್ನೊಂದು ಪದ್ಧತಿ ಉಂಟು. ಹೆಣ್ಣಿನ ಕಾರ್ಯದ ಸಾಮಾನು ಎಲ್ಲೆ ದಾಟುವಾಗ ಸೋದರಮಾವ ಆ ಎಲ್ಲೆಯಲ್ಲಿ ಒಂದು ಕಾಯಿ ಒಡೆಯಬೇಕು. ಒಂದು ಹೋಳು ಅಲ್ಲೇ ಎಲ್ಲೆಯ ತಾಯಿಗೆ, ಇನ್ನೊಂದು ಹೋಳು ಗಂಡಿನ ಮನೆಯ ತಟ್ಟೆಗೆ. ಅದಕ್ಕೆ ಎಲ್ಲೆ ಕಾಯಿ ಅನ್ನುತ್ತೇವೆ. ಪುಂಗನೂರು, ಮದನಪಲ್ಲಿಗೆ ಹೆಣ್ಣು ಕೊಡುತ್ತಿದ್ದ ಎತ್ತಿನ ಗಾಡಿಯ ಕಾಲದ್ದು. ಈಗ ಯಾರೂ ಮಾಡುವುದಿಲ್ಲ. ನನ್ನ ಗಂಡ ಮಾಡುತ್ತಾರೆ.

ಚಂದನಳಿಗೆ ಹೈದರಾಬಾದಿನ ಸಂಬಂಧ ಕುದುರಿತು. ಗಂಡಿನ ತಂದೆ ದೊಡ್ಡ ಕಂಟ್ರಾಕ್ಟರು. ಕುದುರಿಸಿದವನು ಮುರಳಿ. ಗಂಡಿನ ಮನೆಯಲ್ಲಿ ನಡೆಯುವ ನಿಶ್ಚಿತಾರ್ಥದ ವೀಳ್ಯ ಶಾಸ್ತ್ರಕ್ಕೆ ಎಲ್ಲರೂ ವಿಮಾನದಲ್ಲೇ ಹೋಗೋಣ ಎಂದು ಮೊದಲು ಹೇಳಿದವನೂ ಅವನೇ. ಅಯ್ಯೋ, ಆ ವಾರ ನಮ್ಮ ಯಜಮಾನರನ್ನು ನೋಡಬೇಕಿತ್ತು ನೀವು! ನಮ್ಮ ತೋಟದ ಮೇಲೆ ದಿನಾ ವಿಮಾನ ಹಾರುತ್ತವೆ. ಸೊಪ್ಪು ಕೊಯ್ಯುವುದು ಬಿಟ್ಟು ಕತ್ತೆತ್ತಿ ನೋಡುತ್ತಾ ನಿಲ್ಲುವುದು ಅವರ ಹಳೇ ಚಾಳಿ. ಮುಳಬಾಗಿಲಿಗೆ ಹೋಗಿ ಬೂಟು ತಂದರು. ಬೆಲ್ಟು ಬಿಚ್ಚಿಸ್ತಾರಂತೆ ಹೌದಾ ಎಂದು ಊರಲ್ಲಿ ಸಿಕ್ಕಿದವರನ್ನೆಲ್ಲ ಕೇಳಿದರು. ಕಿಟಕಿ ಪಕ್ಕದ ಸೀಟಿಗೆ ನಾನೂ ಅವರೂ ಆಗಲೇ ಜಗಳ ಆಡಿದ್ದೆವು.

ಟಿಕೆಟ್ ಮಾಡಿಸುವ ಮುಂಚೆ ಮಾಲೂರಿನಲ್ಲಿ ಗಂಗರತ್ನಳ ಮನೆಯಲ್ಲಿ ಎಲ್ಲರೂ ಸೇರಿದೆವು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮುರಳಿ ಎಂದೂ ಇಲ್ಲದ ಹಾಗೆ ಶಾಸ್ತ್ರದ ಮಾತು ತೆಗೆದ.

"ಅಣ್ಣ, ಎಲ್ಲೆ ಕಾಯಿ ಏನ್ ಮಾಡ್ತೀಯ? ಫ್ಲೈಟಲ್ಲಿ ತೆಂಗಿನಕಾಯಿ ಬಿಡಲ್ವಲ್ಲ."

ಇವರು ನಕ್ಕರು. "ಮೋಡದ ಮೇಲೆ ಎಲ್ಲೆ ಎಲ್ಲೈತೋ? ಯಾವಾಗ ದಾಟಿದ್ವಿ ಅಂತ ನಂಗೇನ್ ಗೊತ್ತಾಯ್ತದೆ?"

"ಅದಕ್ಕೇ ಹೇಳ್ತಿರೋದು. ರೋಡಲ್ಲಿ ಹೋದ್ರೇನೇ ಸರಿ."

"ಊರ ಎಲ್ಲೇಲಿ ಒಂದು ಒಡೆದು, ಆ ಹೋಳು ಬ್ಯಾಗಲ್ಲಿ ಹಾಕ್ಕೊಂಡ್ ಹೋದ್ರಾಯ್ತಪ್ಪ" ಎಂದೆ ನಾನು. ಕಿಟಕಿ ಸೀಟು ಕೈತಪ್ಪುವುದು ನನಗೆ ಕಾಣುತ್ತಿತ್ತು.

"ಅತ್ತಿಗೆ, ಶಾಸ್ತ್ರ ಅಂದ್ಮೇಲೆ ಶಾಸ್ತ್ರ. ಅರ್ಧಂಬರ್ಧ ಮಾಡಿ ನಾಳೆ ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ಯಾರಿಗೆ? ಚಂದನಂಗೆ ತಾನೆ?"

ಅಲ್ಲಿಗೆ ಮುಗಿಯಿತು. ಚಂದನಳ ಹೆಸರು ಹೇಳಿದರೆ ನನ್ನ ಗಂಡ ಬಾವಿಗೆ ಬೇಕಾದರೂ ಬೀಳುತ್ತಾರೆ, ಅದು ಮುರಳಿಗೆ ಚೆನ್ನಾಗಿ ಗೊತ್ತು. ದೇವರ ಮುಂದೆ ಕೈ ಮುಗಿಯಲೂ ಪುರುಸೊತ್ತಿಲ್ಲದ ಮನುಷ್ಯ ಅವನು. ಅತಿ ವಿನಯಂ ಧೂರ್ತ ಲಕ್ಷಣಂ ಅನ್ನುತ್ತಾರಲ್ಲ, ನನಗೆ ಅವತ್ತೇ ಮೂಗಿಗೆ ಬಡಿಯಬೇಕಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಮ್ಮನ್ನು ವಿಮಾನದಿಂದ ತೆಗೆದ.

ಇವರು ಚಂದನಳ ಕಡೆ ತಿರುಗಿ, "ಏನಮ್ಮಾ, ರೋಡಲ್ಲೇ ಬರ್ಲಾ?" ಎಂದು ಕೇಳಿದರು.

ಅವಳು ಮೊಬೈಲಿನಿಂದ ತಲೆ ಎತ್ತದೆ, "ನಿಮ್ಮಿಷ್ಟ ಮಾವ" ಎಂದಳು.

ಶುಕ್ರವಾರ ಬೆಳಿಗ್ಗೆ ವೀಳ್ಯ ಶಾಸ್ತ್ರ, ನಾವು ಗುರುವಾರ ಬೆಳಗಾಗುವಾಗಲೇ ಹೊರಟು ಸಂಜೆಗೆ ಸೇರಿಕೊಳ್ಳುವುದು, ಉಳಿದವರು ಗುರುವಾರ ಸಂಜೆಯ ವಿಮಾನಕ್ಕೆ ಬರುವುದು. ಹಾಗಂತ ತೀರ್ಮಾನವಾಯಿತು.

ನಮ್ಮ ಯಜಮಾನರು ಗಾಡಿಯನ್ನು ಮದುಮಗಳಿಗೆ ನೀರು ಹಾಕಿದ ಹಾಗೆ ತೊಳೆದರು. ಟೊಮೆಟೊ ವಾಸನೆ ಹೋಗಲಿ ಅಂತ ಹಿಂದುಗಡೆ ಸಗಣಿ ನೀರು ಎರಚಿ ಒಣಗಿಸಿ, ಚಾಪೆ ಹಾಸಿದರು. ಶ್ರೀನಿವಾಸಪುರದಲ್ಲಿ ಮೊದಲೇ ಹೇಳಿಟ್ಟಿದ್ದ ಮಾವಿನ ಹಣ್ಣಿನ ಬಾಕ್ಸುಗಳು, ಬಾಳೆಗೊನೆ, ಎಲೆ ಅಡಿಕೆ, ನಾನು ಮಾಡಿದ ಚಕ್ಕುಲಿ, ಕಜ್ಜಾಯದ ಡಬ್ಬಗಳು ಎಲ್ಲ ಹತ್ತಿದವು. ಹೊಸ ಬೂಟನ್ನು ವಿಮಾನಕ್ಕೆ ಅಂತ ತಂದಿದ್ದರೂ ಹಾಕಿಕೊಂಡರು. ಕ್ಲಚ್ ಒತ್ತಲಾಗದೆ ಚಿಂತಾಮಣಿ ಬರುವಷ್ಟರಲ್ಲಿ ಬಿಚ್ಚಿಟ್ಟು ಬರಿಗಾಲಲ್ಲಿ ಓಡಿಸಿದರು.

ಊರ ಎಲ್ಲೆಯ ಕಲ್ಲಿನ ಹತ್ತಿರ ಮೊದಲ ಕಾಯಿ ಒಡೆದಾಗಿತ್ತು. ಬಾಗೇಪಲ್ಲಿ ದಾಟಿ ಆಂಧ್ರ ಶುರುವಾಗುವ ಕಡೆ ಎರಡನೆಯದು. ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದರೆ ಇವರು ರಸ್ತೆ ಪಕ್ಕದ ಬೋರ್ಡಿನ ಕೆಳಗೆ ಕರ್ಪೂರ ಹಚ್ಚಿ, "ನಮ್ಮ ಹುಡುಗಿ ಈ ಕಡೆ ಬರ್ತಾವ್ಳೆ ತಾಯಿ, ದಾರಿ ಬಿಡು, ಚೆನ್ನಾಗ್ ನೋಡ್ಕೋ" ಎಂದು ಗಟ್ಟಿಯಾಗಿಯೇ ಹೇಳಿದರು. ಒಂದು ಹೋಳು ಅಲ್ಲಿಟ್ಟು, ಇನ್ನೊಂದನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿದರು. ನನಗೆ ನಗುವೂ ಬಂತು, ಮರುಕವೂ ಬಂತು.

ಅನಂತಪುರದ ಹತ್ತಿರ ಬುತ್ತಿ ಬಿಚ್ಚಿದಾಗ, ಅವರು ಮನೆ ಬಿಟ್ಟರೋ ಇಲ್ಲವೋ ಎಂದು ಗಂಗರತ್ನಳಿಗೆ ಫೋನ್ ಮಾಡಿದೆ.

"ಇನ್ನೂ ಬಟ್ಟೆ ಜೋಡಿಸ್ತಾ ಇದೀನಿ ಅತ್ತಿಗೆ" ಎಂದಳು.

ಹಿಂದುಗಡೆ ವಾಲಗದ ಸದ್ದು ಕೇಳಿಸಿತು. "ಏನೇ ಅದು, ವಾಲಗ?"

"ಟೀವೀಲಿ ಅತ್ತಿಗೆ" ಅಂದವಳೇ ಇಟ್ಟುಬಿಟ್ಟಳು.

ನಾನು ಆ ಮಾತನ್ನು ನಂಬಿ ಚಿತ್ರಾನ್ನ ತಿಂದೆ. ಕರ್ನೂಲಿನಲ್ಲಿ ತುಂಗಭದ್ರೆ ದಾಟುವಾಗ ಮೂರನೆಯ ಕಾಯಿ ಒಡೆದೆವು. ಸೇತುವೆಯಾಚೆಗೆ ತೆಲಂಗಾಣ. ಅಲ್ಲಿ ನೆತ್ತಿಯ ಮೇಲೆ ವಿಮಾನವೊಂದು ಹೋಯಿತು. ಇವರು ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ನಮ್ಮೋರು ಸಂಜೆಗೆ ತಾನೆ ಹೊರಡೋದು. ಇವತ್ತು ನಾವೇ ಮೊದ್ಲು ಕಣೇ!" ಎಂದರು.

ಹೊತ್ತು ಮುಳುಗುವ ಮುಂಚೆ ಗಂಡಿನ ಮನೆ ಸಿಕ್ಕಿತು. ಬಂಗಲೆಯೇ ಸರಿ. ಗೇಟಿನ ಪಕ್ಕದಲ್ಲಿ ಗಾಡಿ ನಿಲ್ಲಿಸಿದಾಗ ನನ್ನ ಕಣ್ಣಿಗೆ ಬಿದ್ದದ್ದು ಎಂಜಲೆಲೆಯ ರಾಶಿ. ನೂರಾರು ಜನ ಉಂಡೆದ್ದ ರಾಶಿ. ಶಾಮಿಯಾನ ಬಿಚ್ಚುತ್ತಿದ್ದರು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.

"ನಾಳೆ ಕಾರ್ಯಕ್ಕೆ ಇವತ್ತೇ ಯಾಕ್ರೀ ಬಿಚ್ತಾವ್ರೆ?" ಎಂದೆ.

ಇವರು ಗಾಡಿ ಆರಿಸಿದರು. ಅರಿಶಿನದ ಬಟ್ಟೆಯ ಗಂಟನ್ನು ನನ್ನ ಮಡಿಲಿನಿಂದ ತೆಗೆದುಕೊಂಡು, ಬೂಟು ಹಾಕಿಕೊಂಡು ಇಳಿದರು.

ಒಳಗೆ ಹಜಾರದಲ್ಲಿ ಎಲ್ಲರೂ ಇದ್ದರು. ಸಂಜೆ ವಿಮಾನ ಹತ್ತಬೇಕಾಗಿದ್ದ ಗಂಗರತ್ನ, ಅವಳ ಗಂಡ, ಎಲ್ಲರೂ. ಚಂದನ ಹೊಸ ಸೀರೆಯಲ್ಲಿ, ಕೊರಳಲ್ಲಿ ಬಾಡಿದ ಹಾರ, ಬೆರಳಲ್ಲಿ ಉಂಗುರ. ಗಂಡಿನ ತಂದೆಯ ಪಕ್ಕದ ಸೋಫಾದಲ್ಲಿ ಮುರಳಿ ಕೂತಿದ್ದ. ಹೆಗಲ ಮೇಲೆ ಜರಿ ಶಾಲು, ಹಣೆಯಲ್ಲಿ ಉದ್ದ ಕುಂಕುಮ. ಅವನ ಎದುರು ಬೆಳ್ಳಿ ತಟ್ಟೆಯಲ್ಲಿ ಎರಡು ಎಲೆ, ಒಂದು ಅಡಿಕೆ. ಮೊದಲ ವೀಳ್ಯ ಅವನ ಕೈ ಸೇರಿಯಾಗಿತ್ತು.

ಶಾಸ್ತ್ರ ಇದ್ದದ್ದೇ ಗುರುವಾರ. ಬೆಳಿಗ್ಗೆಯ ವಿಮಾನಕ್ಕೇ ಬಂದು, ನಾವು ಅನಂತಪುರದಲ್ಲಿ ಚಿತ್ರಾನ್ನ ತಿನ್ನುವ ಹೊತ್ತಿಗೆ ಮುಗಿಸಿದ್ದರು ಪುಣ್ಯಾತ್ಮರು. ಆ ವಾಲಗ ಟೀವಿಯದಲ್ಲ.

ಗಂಡಿನ ತಂದೆ ಇವರ ಮುದುಡಿದ ಅಂಗಿಯನ್ನೂ ಹೊರಗಿನ ಹಳದಿ ಬೋರ್ಡಿನ ಗಾಡಿಯನ್ನೂ ನೋಡಿ, "ಡ್ರೈವರ್ ವಚ್ಚಾಡಾ? ಸಾಮಾನು ಆ ಪಕ್ಕನ ದಿಂಪಮನು" ಎಂದರು. ಡ್ರೈವರ್ ಬಂದನಾ, ಸಾಮಾನು ಆ ಪಕ್ಕ ಇಳಿಸಲು ಹೇಳು ಅಂತ. ತೆಲುಗು ನಮಗೇನು ಹೊರಗಿನದಲ್ಲ, ಮನೆಯಲ್ಲೇ ಅರ್ಧ ಆಡುತ್ತೇವೆ.

ನಾನು ಮುರಳಿಯ ಮುಖ ನೋಡಿದೆ. ಈಗ ಎದ್ದು ನಿಲ್ಲುತ್ತಾನೆ, ಈಗ 'ನಮ್ಮಣ್ಣ' ಅನ್ನುತ್ತಾನೆ ಎಂದು ನೋಡಿದೆ.

ಅವನು ಕೂತಲ್ಲಿಂದಲೇ, "ಅವುನಂಡಿ, ಮಾ ಊರಿ ಮನಿಷೇ" ಎಂದ. ಹೌದು, ನಮ್ಮೂರಿನ ಮನುಷ್ಯನೇ ಅಂತೆ! ಇವನಿಗೆ ಅನ್ನ ಹಾಕಿದ ಅಣ್ಣ ಊರಿನ ಮನುಷ್ಯನಾದ. ಉಂಡ ಮನೆಗೆ ಎರಡು ಬಗೆಯುವವರನ್ನು ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ.

ನನ್ನ ಬಾಯಿ ತೆರೆದುಕೊಂಡಿತು. ಅಷ್ಟರಲ್ಲಿ ಮೂಲೆಯ ಕುರ್ಚಿಯಲ್ಲಿದ್ದ ಮುದುಕಿಯೊಬ್ಬರು ಕೈ ಮಾಡಿ ಇವರನ್ನು ಕರೆದರು. ಗಂಡಿನ ಅಜ್ಜಿ. ತವರು ಪುಂಗನೂರು ಅಂತ ಆಮೇಲೆ ತಿಳಿಯಿತು, ನಮ್ಮ ಗಡಿಯಾಚೆಯ ಊರು. ಇವರ ಕೈಯಲ್ಲಿದ್ದ ಅರಿಶಿನದ ಗಂಟನ್ನೇ ಅವರು ನೋಡುತ್ತಿದ್ದರು. ಇವರು ಬಗ್ಗಿ ಬಿಚ್ಚಿ ತೋರಿಸಿದರು. ಮೂರು ಹೋಳು.

"ಪೊಲಿಮೇರ ಕಾಯಲಾ?" ಎಂದರು ಅಜ್ಜಿ. ಎಲ್ಲೆ ಕಾಯಿಗಳಾ ಇವು ಎಂದು. ಚಿಕ್ಕಂದಿನಲ್ಲಿ ಕಂಡಿದ್ದಂತೆ, ಮತ್ತೆ ಕಂಡಿರಲಿಲ್ಲವಂತೆ. ಹೋಳುಗಳನ್ನು ಒಂದೊಂದಾಗಿ ಮುಟ್ಟಿದರು. ಆಮೇಲೆ ಇವರ ಮುಖ ನೋಡಿ, "ಎವರು ನಾಯನಾ ನುವ್ವು?" ಎಂದು ಕೇಳಿದರು. ಎಲ್ಲೆ ಕಾಯಿ ಒಡೆಯುವವನು ಯಾರು ಅಂತ ಆ ಹಿರಿಯ ಜೀವಕ್ಕೆ ಗೊತ್ತು. ಯಾರಪ್ಪಾ ನೀನು ಅಂತ ಕೇಳಿದ್ದು ಅದಕ್ಕೇ.

ಗಂಗರತ್ನಳ ಮುಖ ಸುಣ್ಣ ಬಳಿದ ಹಾಗಾಯಿತು. ನಾನೇ ಹಿರಿಯ ಸೋದರಮಾವ ಎಂದು ಇವರು ಒಂದು ಮಾತು ಅಂದಿದ್ದರೆ ಸಾಕಿತ್ತು. ತಪ್ಪು ಕೈಗೆ ವೀಳ್ಯ ಹೋಗಿದೆ ಎಂದು ಅಜ್ಜಿ ಅಲ್ಲೇ ಎದ್ದು ತಟ್ಟೆ ವಾಪಸ್ ಮಾಡಿಸುತ್ತಿದ್ದರು, ಸಂಬಂಧವೇ ಮುರಿದುಬೀಳುತ್ತಿತ್ತು. ಹೇಳಿ, ಹೇಳಿ ಎಂದು ನಾನು ಮನಸ್ಸಿನಲ್ಲೇ ಅರಚಿಕೊಂಡೆ.

ಇವರು ಚಂದನಳ ಕಡೆ ನೋಡಿದರು. ಅವಳು ಉಂಗುರ ತಿರುಗಿಸುತ್ತಾ ನೆಲ ನೋಡುತ್ತಿದ್ದಳು. ತಲೆ ಎತ್ತಲಿಲ್ಲ.

"ಡ್ರೈವರ್ನಮ್ಮಾ" ಎಂದರು ನನ್ನ ಗಂಡ. "ಮೇನಮಾಮ ಇಚ್ಚಿ ಪಂಪಿಂಚಾಡು."

ನಾನು ಡ್ರೈವರ್, ಸೋದರಮಾವ ಕೊಟ್ಟು ಕಳಿಸಿದ್ದಾನೆ. ಹಾಗಂತ ಅಂದೇಬಿಟ್ಟರು! ನನ್ನ ಮುಂಗೈಯನ್ನು ಅವರ ಕೈ ಬಿಗಿಯಾಗಿ ಹಿಡಿದಿತ್ತು, ಬಾಯಿ ಬಿಟ್ಟೀಯ ಅನ್ನುವ ಹಾಗೆ. ಅಜ್ಜಿ ಹೋಳುಗಳನ್ನು ಕಣ್ಣಿಗೊತ್ತಿಕೊಂಡು, ಮುರಳಿಯ ಕಡೆ ತಿರುಗಿ, ಇಂಥ ಸೋದರಮಾವ ಇರುವ ಹುಡುಗಿ ಪುಣ್ಯವಂತೆ ಎಂದು ಹರಸಿದರು. ಅವನು ಎದ್ದು ಕೈ ಮುಗಿದ. ನಾಚಿಕೆ ಅನ್ನುವುದು ಅಂಗಡಿಯಲ್ಲಿ ಸಿಗುವಂತಿದ್ದರೆ ನಾನೇ ತಂದು ಅವನಿಗೆ ತಿನ್ನಿಸುತ್ತಿದ್ದೆ.

ಸಾಮಾನು ಇಳಿಸಿದ್ದೂ ಇವರೇ. ಕೊನೆಯ ಮಾವಿನ ಬಾಕ್ಸ್ ಇಳಿಸುವಾಗ ಗಂಗರತ್ನ ಗಾಡಿ ಹತ್ತಿರ ಬಂದು ಅತ್ತಳು. "ತಪ್ಪು ತಿಳ್ಕೋಬೇಡ ಅಣ್ಣ. ಅವರು ದೊಡ್ಡೋರು. ಸೋದರಮಾವ ಆಫೀಸರು ಅಂತ ಮುರಳಿ ಮೊದ್ಲೇ ಹೇಳ್ಬಿಟ್ಟಿದ್ದ. ಆಮೇಲೆ ನೀನು ಪಿಕಪ್ ಓಡಿಸ್ತೀಯ ಅಂತ ಹೆಂಗ್ ಹೇಳೋದು?"

"ಬಾಯಿಂದ ಹೇಳೋದು ಕಣೇ! ನಿನ್ ಬಾಣಂತನ ಮಾಡಿದ್ದು ಆ ಪಿಕಪ್ ಓಡಿಸೋನ ಮನೇಲಿ ತಾನೆ?" ಎಂದೆ ನಾನು. ಇವರು ಬೇಡ ಎಂದು ತಲೆಯಾಡಿಸಿದರು.

ಅವಳ ಹಿಂದೆ ಚಂದನ ನಿಂತಿದ್ದಳು. "ಮಾವ, ಊಟ ಮಾಡ್ಕೊಂಡ್ ಹೋಗಿ."

"ನಿಂಗೆ ಗೊತ್ತಿತ್ತೇನಮ್ಮಾ?" ಎಂದು ಕೇಳಿದರು. ಇಡೀ ದಿನದಲ್ಲಿ ಅವರು ಕೇಳಿದ್ದು ಇದೊಂದೇ.

"ಮುರಳಿಮಾವ ಹೇಳಿದ್ರು, ನೀವು ಬೇಜಾರ್ ಮಾಡ್ಕೊಳಲ್ಲ ಅಂತ."

ಇವರು ಅವಳ ತಲೆ ಸವರಿದರು. ನಾನಾಗಿದ್ದರೆ ಬೇರೆ ಏನೋ ಮಾಡುತ್ತಿದ್ದೆ. ಬೂಟು ಬಿಚ್ಚಿ ಸೀಟಿನ ಹಿಂದಕ್ಕೆ ಹಾಕಿ, ಗಾಡಿ ಹತ್ತಿದರು. ಊರ ಹೊರಗಿನ ಒಂದು ಛತ್ರದಲ್ಲಿ ಮಲಗಿ ಮಾರನೆಯ ದಿನ ಹೊರಟೆವು. ಬೈದೆ, ಅತ್ತೆ, ಮತ್ತೆ ಬೈದೆ. ಆ ಮನುಷ್ಯ ರಸ್ತೆ ನೋಡುತ್ತಾ ಗಾಡಿ ಓಡಿಸಿದರು. ಶ್ರೀನಿವಾಸಪುರ ದಾಟಿದ ಮೇಲೆ ಮಾತ್ರ, "ಸತ್ಯ ಹೇಳಿದ್ರೆ ಮಗು ಮದ್ವೆ ನಿಲ್ತಿತ್ತು ಕಣೇ" ಎಂದರು. ಅಷ್ಟೇ.

ಆಮೇಲೆ ಮೂರು ತಿಂಗಳು ಯಾರ ಸುದ್ದಿಯೂ ಇಲ್ಲ. ಒಂದು ದಿನ ಟೊಮೆಟೊಗೆ ಕೋಲು ಕಟ್ಟುತ್ತಿದ್ದೆವು, ಇವರ ಫೋನ್ ಬಡಿದುಕೊಂಡಿತು. ಕೈಯೆಲ್ಲ ಕೆಸರು, ಸ್ಪೀಕರಿಗೆ ಹಾಕಿ ಬದುವಿನ ಮೇಲಿಟ್ಟರು. ಮುರಳಿ.

"ಅಣ್ಣ, ಮದ್ವೆ ಹೈದರಾಬಾದಲ್ಲೇ ಇಟ್ಕೊಂಡಿದಾರೆ. ಆ ಅಜ್ಜಿ ಹಟ ಹಿಡಿದು ಕೂತಿದೆ. ಈ ಸಲ ಕೂಲಿಯವರ ಕೈಲಿ ಕಳಿಸ್ಬೇಡಿ, ಸೋದರಮಾವನೇ ರೋಡಲ್ಲಿ ಎಲ್ಲೆ ಕಾಯಿ ಒಡ್ಕೊಂಡು ತರ್ಬೇಕು ಅಂತೆ. ನಂಗೆ ಅದೆಲ್ಲ ಬರಲ್ಲ. ಫ್ಲೈಟ್ ಬೇರೆ ಬುಕ್ ಆಗಿದೆ. ನೀನು ಗಾಡಿ ತಗೊಂಡು ಬಾ. ಹೈದರಾಬಾದ್ ಹತ್ರ ಬಂದ್ಮೇಲೆ ನಾನು ಬಂದು ಗಾಡಿ ಹತ್ಕೋತೀನಿ. ಯಾರಿಗೂ ಗೊತ್ತಾಗಲ್ಲ."

ಕುಡುಗೋಲು ನನ್ನ ಕೈಯಲ್ಲೇ ಇತ್ತು. ಇವರು ನಿಧಾನವಾಗಿ ಹುರಿ ಗಂಟು ಹಾಕಿ, ಬಗ್ಗಿ ಫೋನಿನ ಹತ್ತಿರ ಬಾಯಿಟ್ಟರು.

"ಸೋದರಮಾವ ನೀನಲ್ವೇನಪ್ಪ? ನೀನೇ ಒಡಿ. ಡ್ರೈವರು ಬೇಕಿದ್ರೆ ಬೇರೆ ಯಾರನ್ನಾದ್ರೂ ನೋಡ್ಕೋ. ನಿಮ್ಮೂರಿನ ಆ ಮನುಷ್ಯ ಈಗ ಬಾಡಿಗೆಗೆ ಬರಲ್ಲ."

ಎಷ್ಟೋ ವರ್ಷಗಳ ಸಂಸಾರದಲ್ಲಿ ಅವರ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಮುರಳಿ ಏನೋ ಅನ್ನುತ್ತಿದ್ದ, ಇವರು ಮುಂದಿನ ಸಾಲಿಗೆ ಹೋದರು. ಫೋನ್ ಆರಿಸಿದವಳು ನಾನು.

ಮದುವೆಯ ದಿನ ಬೆಳಿಗ್ಗೆ ನಾನು ಡೈರಿಗೆ ಹಾಲು ಹಾಕಿ ಬರುವಾಗ ಊರ ಎಲ್ಲೆಯ ಕಲ್ಲಿನ ಹತ್ತಿರ ಪಿಕಪ್ ನಿಂತಿತ್ತು. ಕರ್ಪೂರ ಇನ್ನೂ ಉರಿಯುತ್ತಿತ್ತು. ಬರಿಗಾಲಲ್ಲಿ ನಿಂತಿದ್ದ ಇವರು ಏನೋ ಹೇಳಿಕೊಳ್ಳುತ್ತಿದ್ದರು, ನನ್ನನ್ನು ಕಂಡು ನಿಲ್ಲಿಸಿದರು. ಕಲ್ಲಿನ ಮುಂದೆ ಒಂದು ಹೋಳು ಇತ್ತು.

ತಟ್ಟೆಗೆ ಹೋಗಬೇಕಾದ ಇನ್ನೊಂದು ಹೋಳು ಅವರ ಕೈಯಲ್ಲಿತ್ತು. ಅದನ್ನು ಒಂದು ಗಳಿಗೆ ನೋಡಿ, ನನ್ನ ಹಾಲಿನ ಕ್ಯಾನಿನ ಮುಚ್ಚಳದ ಮೇಲಿಟ್ಟು, "ಚಟ್ನಿ ಮಾಡು" ಎಂದರು.